ಸಂಚಕಾರ

ಕೆಳಮನೆಯ ಕಾಜಿಸ್
ಶಿಕಾಗೋದ ಆಪ್ಷನ್ ಕಟ್ಟೆಯಲ್ಲಿ ಇಪ್ಪತ್ತಾರು ವರ್ಷ ಕೂಗಿ ಕೂಗಿ
ಕೊನೆಗೆ ಗಂಟಲನ್ನೇ ಅಲ್ಲಿ ಬಿಟ್ಟು ಬಂದವನು.
ಈಗ ಮಾತೆಲ್ಲ ಕೈಯಲ್ಲಿ.
ಅಂಗೈ ತನ್ನ ಕಡೆ ತಿರುಗಿದರೆ ಕೊಳ್ಳುತ್ತೇನೆ,
ಲೋಕದ ಕಡೆ ತಿರುಗಿದರೆ ಮಾರುತ್ತೇನೆ.
ಗದ್ದಕ್ಕೆ ಬೆರಳಿಟ್ಟರೆ ಬಿಡಿ ಎಣಿಕೆ,
ಹಣೆಗೆ ಮುಟ್ಟಿಸಿದರೆ ಹತ್ತರ ಲೆಕ್ಕ.
ಹಣೆಬರಹ ಶುರುವಾಗುವುದು ಹತ್ತರಿಂದ ಅಂತ
ನಾನು ತಿಳಿದದ್ದು ಹಾಗೆ.

ಜನವರಿಯ ಭಾನುವಾರ, ಗ್ಯಾಸ್ ಬಿಲ್ಲಿನ ಬೆನ್ನ ಮೇಲೆ ಬರೆದ:
ಲುವೀನಿಯಾ, ಇದು ಟಾರ್ವೆಕ್, ಚಿಪ್ ಮಾಡುವ ಕಂಪನಿ.
ಇವತ್ತು ನೂರಾ ಮೂವತ್ತೆಂಟು.
ನೂರಾ ನಲವತ್ತಕ್ಕೆ ಕೊಳ್ಳುವ ಹಕ್ಕು ಉಂಟು, ಹಂಗಿಲ್ಲ.
ಹಕ್ಕಿಗೆ ಆರು ಡಾಲರ್ ಇಪ್ಪತ್ತು, ನೂರರಿಂದ ಗುಣಿಸು.

ಕೊಟ್ಟ ಮುಂಗಡಕ್ಕೂ ಸಂಚಕಾರ ಅನ್ನುತ್ತಾರೆ,
ತಲೆಯ ಮೇಲೆ ತೂಗುವ ಕುತ್ತಿಗೂ.
ರಸೀದಿ ಸಿಗುವುದು ಮೊದಲನೆಯದಕ್ಕೆ ಮಾತ್ರ.

ನಾನು ಹಾಲ್‌ಸ್ಟೆಡ್ ಬೀದಿಯಲ್ಲಿ ಬಸ್ಸು ಓಡಿಸುವವಳು.
ನನಗೆ ಇದು ಅರ್ಥವಾದದ್ದು ಬದಲಿ ಚೀಟಿಯಾಗಿ:
ಎರಡು ಗಂಟೆಯೊಳಗೆ ಇನ್ನೊಂದು ಬಸ್ಸು ಹತ್ತಬಹುದು,
ಹತ್ತದಿದ್ದರೆ ಯಾರೂ ಕೇಳುವುದಿಲ್ಲ,
ಬಸ್ಸು ತಡವಾದರೆ ಚೀಟಿ ಕಾಯುವುದಿಲ್ಲ.
ಅರವತ್ತಮೂರನೇ ಬೀದಿಯ ಹಿಮದಲ್ಲಿ ಎಷ್ಟು ಜನ
ಎರಡು ನಿಮಿಷದ ಹಿಂದೆ ಸತ್ತ ಚೀಟಿ ಹಿಡಿದು
ನನ್ನ ಮುಖ ನೋಡಿಲ್ಲ!
ನಾನು ಕಿಟಕಿಯಾಚೆ ನೋಡುತ್ತೇನೆ, ಹತ್ತಿಸಿಕೊಳ್ಳುತ್ತೇನೆ.
ಆ ಪೇಟೆಯಲ್ಲಿ ಅಂಥ ಡ್ರೈವರ್ ಇಲ್ಲ.

ಹಲ್ಲಿನ ಕ್ರೌನಿಗೆ ಎತ್ತಿಟ್ಟಿದ್ದ ದುಡ್ಡು
ಸಾವಿರದ ಎಂಟುನೂರ ಅರವತ್ತು.
ಫಲಿತಾಂಶದ ಹಿಂದಿನ ದಿನ ಮೂರು ಕೊಂಡೆ.
ಕಾಜಿಸ್ ಅಂಗೈ ಹೊರಗೆ ತಿರುಗಿಸಿದ.
ಕಾಣದವಳ ಹಾಗೆ ಮೆಟ್ಟಿಲು ಹತ್ತಿ ಹೋದೆ.

ಟಾರ್ವೆಕ್ ಏರಿತು. ನೂರಾ ನಲವತ್ತಮೂರು.
ಗ್ಯಾರೇಜಿನಲ್ಲಿ, ತೊಳೆದ ಬಸ್ಸುಗಳ ನಡುವೆ, ಬೂಟು ಹಾಕಿಕೊಂಡೇ ಕುಣಿದೆ.
ಫೋನು ತೆರೆದರೆ
ನನ್ನ ಆರು ಇಪ್ಪತ್ತು
ನಾಲ್ಕು ಹತ್ತಾಗಿ ಕೂತಿತ್ತು.

ಕಾಜಿಸ್ ನಗಲಿಲ್ಲ. ಎರಡೂ ಕೆನ್ನೆ ಉಬ್ಬಿಸಿದ,
ತೋರುಬೆರಳಿಂದ ಒತ್ತಿದ. ಪುಸ್.
ನೀನು ಕೊಂಡದ್ದು ಏರಿಕೆಯನ್ನಲ್ಲ, ಜನರ ಗಾಬರಿಯನ್ನು;
ಗಾಬರಿ ನಿನ್ನೆ ರಾತ್ರಿಯೇ ಇಳಿದು ಮಲಗಿತು.
ಕೂಸು ಹುಟ್ಟಿತ್ತು, ಗುಂಡುಗುಂಡಾಗಿತ್ತು,
ಕುಲಾವಿ ಹೊಲಿಸಿದವಳಿಗೆ ಮಾತ್ರ ನಷ್ಟ.

ಆಮೇಲೆ ಬಿಲ್ಲಿನ ಅಂಚಿನಲ್ಲಿ, ಇದ್ದ ಜಾಗದಲ್ಲಿ:
ದೂರದ ತಿಂಗಳು ನೋಡು. ಈಗಿನ ಬೆಲೆಗಿಂತ ಕೆಳಗೆ ಇಳಿದು ಕೊಳ್ಳು,
ದುಬಾರಿಯಾದರೂ ಅದಕ್ಕೆ ಮೂಳೆ ಇರುತ್ತದೆ.
ಎಲ್ಲರೂ ಪಿಸುಗುಡುವ ವಾರ ಕೈ ಜೇಬಿನಲ್ಲಿರಲಿ.
ಎರಡು ಕೊಂಡಿದ್ದರೆ, ದುಪ್ಪಟ್ಟಾದ ದಿನ ಒಂದನ್ನು ಮಾರು,
ಇನ್ನೊಂದು ಪುಕ್ಕಟೆ.
ದುಡ್ಡು ಸಾಲದೆ? ನೂರಾ ನಲವತ್ತು ಕೊಂಡು ನೂರೈವತ್ತು ಮಾರು:
ಮಾಳಿಗೆ ಮೇಲಿನ ಆಕಾಶ ಮಾರಿ ಮೆಟ್ಟಿಲು ಕೊಂಡ ಹಾಗೆ.
ಹಲ್ಲಿನ ದುಡ್ಡು ಮುಟ್ಟಬೇಡ.
ಇದಕ್ಕೆ ಮಾತ್ರ ಎರಡು ಗೆರೆ ಎಳೆದಿದ್ದ.

ಇಷ್ಟು ತಿಳಿದವನು ನೀನೆಷ್ಟು ಗಳಿಸಿದೆ, ಕೇಳಿಯೇಬಿಟ್ಟೆ.
ಮುಷ್ಟಿ ಕಟ್ಟಿದ, ಬಿಚ್ಚಿದ.
ಅಂಗೈ ಕೊಳ್ಳುವ ಕಡೆಗೂ ಇಲ್ಲ, ಮಾರುವ ಕಡೆಗೂ ಇಲ್ಲ,
ಸುಮ್ಮನೆ ಮೇಲ್ಮುಖವಾಗಿ
ಸಕ್ಕರೆ ಡಬ್ಬಿಯ ಪಕ್ಕ ಬಿದ್ದುಕೊಂಡಿತ್ತು.

ಎರಡನ್ನು ನಾಲ್ಕು ಹತ್ತಕ್ಕೆ ಮಾರಿದೆ. ಒಂದನ್ನು ಹಟಕ್ಕೆ ಉಳಿಸಿಕೊಂಡೆ.
ಶುಕ್ರವಾರ ಮಧ್ಯಾಹ್ನ ಮೂರಕ್ಕೆ ಅದರ ಆಯುಸ್ಸು ಮುಗಿಯಿತು,
ಟಾರ್ವೆಕ್ ನೂರಾ ಮೂವತ್ತೊಂಬತ್ತು ತೊಂಬತ್ತರಲ್ಲಿ ನಿಂತು.
ಹತ್ತು ಸೆಂಟು.
ಆ ಹೊತ್ತಿಗೆ ನಾನು ಕೆಂಪು ದೀಪದಲ್ಲಿದ್ದೆ.

ಬಸ್ಸು ನಿಲ್ಲಿಸಲು ಎಲ್ಲರೂ ಅಂಗೈ ಹೊರಗೆ ಚಾಚುತ್ತಾರೆ.
ಈಗ ಬೇರೆ ಥರ ಕಾಣಲು ಆಗುತ್ತಿಲ್ಲ:
ಹಾಲ್‌ಸ್ಟೆಡ್ ಉದ್ದಕ್ಕೂ ಮಾರುತ್ತೇನೆ, ಮಾರುತ್ತೇನೆ,
ಕೈಗವಸು ಹಾಕಿದ ಮಾರುವವರ ಸಾಲು.
ಕೊಳ್ಳುವವಳು ನಾನೊಬ್ಬಳೇ.
ಬಲ ದವಡೆ ಮುಟ್ಟದ ಹಾಗೆ ರೊಟ್ಟಿ ಅಗಿಯುತ್ತ
ಬ್ರೇಕು ಹಾಕುತ್ತೇನೆ, ಬಾಗಿಲು ತೆರೆಯುತ್ತೇನೆ.